ಕ್ರೂಸ್ (ವಿಹಾರ ಹಡಗು) ಪ್ರವಾಸೋದ್ಯಮದ ಕುರಿತ ಶೈಕ್ಷಣಿಕ ಸಂಶೋಧನೆ ಈಗ ಯಾವ ಸ್ಥಿತಿಯಲ್ಲಿದೆ?

2019ರಲ್ಲಿ ಸುಮಾರು 3 ಕೋಟಿ ಪ್ರಯಾಣಿಕರನ್ನು ಕಂಡ ಈ ಉದ್ಯಮದ ಗಾತ್ರಕ್ಕೆ ಹೋಲಿಸಿದರೆ ಸಂಶೋಧನೆ ತಡವಾಗಿಯೇ ಬೆಳೆದಿದೆ. ಬಿಡಿ ಲೇಖನಗಳು ಸಾಕಷ್ಟಿದ್ದರೂ ಅವುಗಳನ್ನು ಬೆಸೆಯುವ ಸಿದ್ಧಾಂತ ಇನ್ನೂ ತೆಳುವಾಗಿದೆ. ಪ್ರಯಾಣಿಕರ ತೃಪ್ತಿ, ಬಂದರಿನಲ್ಲಿ ಇಳಿದವರು ಮಾಡುವ ಖರ್ಚು ಮುಂತಾಗಿ ಪ್ರಶ್ನಾವಳಿಗೆ ಸುಲಭವಾಗಿ ಒಗ್ಗುವ ವಿಷಯಗಳಿಗೇ ಹೆಚ್ಚು ಗಮನ ಸಂದಿದೆ. ಸಿಬ್ಬಂದಿಯ ದುಡಿಮೆಯ ಅಧ್ಯಯನ ಕಡಿಮೆ. ಕಂಪನಿಯ ಅನುಮತಿಯಿಲ್ಲದೆ ಸಂಶೋಧಕರು ಸಿಬ್ಬಂದಿಯ ವಸತಿಯ ಡೆಕ್ಕಿಗೆ (ಹಡಗಿನ ಅಂತಸ್ತಿಗೆ) ಕಾಲಿಡಲಾರರು, ಹಡಗು ಬಹಾಮಾಸ್ ಅಥವಾ ಪನಾಮಾದ ಧ್ವಜ ಹೊತ್ತಿದ್ದರೆ, ಅಂದರೆ ಅಲ್ಲಿ ನೋಂದಣಿಯಾಗಿ ಅಲ್ಲಿನ ಕಾನೂನಿಗೆ ಒಳಪಟ್ಟಿದ್ದರೆ, ವೇತನ, ಕೆಲಸದ ಅವಧಿಗಳ ಮಾಹಿತಿ ದೊರೆಯುವುದೂ ಕಷ್ಟ. (ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ ಇದೇ.) 2020ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಮಂದಿಯಲ್ಲಿ 700ಕ್ಕೂ ಹೆಚ್ಚು ಜನರಿಗೆ ಕೋವಿಡ್ ತಗುಲಿದ ಬಳಿಕ ಆರೋಗ್ಯ ಕುರಿತ ಬರಹಗಳು ಒಮ್ಮೆಲೇ ಹೆಚ್ಚಿದವು. ಹೊಗೆ, ತ್ಯಾಜ್ಯ, ಬಂದರು ನಗರಗಳ ಜನದಟ್ಟಣೆಯ ಅಧ್ಯಯನವೂ ಈಗ ಚುರುಕಾಗಿದೆ.