ಹದಿನಾರು-ಹದಿನೇಳನೇ ಶತಮಾನದ ಇಂಗ್ಲಿಷ್ ಪುಸ್ತಕವನ್ನು ಅಚ್ಚು ಹಾಕಿದ್ದು ಹೆಂಗಸೇ ಎಂದು ಪತ್ತೆಮಾಡುವುದು ಹೇಗೆ?

ಶೀರ್ಷಿಕೆ ಪುಟದ ತಳಭಾಗ ನೋಡಿ. "ಇಂಥವರಿಂದ ಮುದ್ರಿತ" ಎಂದಿದ್ದರೆ ಅದು ಮುದ್ರಕರ ಹೆಸರು. "ಇಂಥವರಿಗಾಗಿ" ಎಂದಿದ್ದರೆ ಸಾಮಾನ್ಯವಾಗಿ ದುಡ್ಡು ಹಾಕಿದ ಪ್ರಕಾಶಕರದು.

ಎಲಿಜಬೆತ್ ಪಿಕರಿಂಗ್ ತರಹ ಹೆಸರನ್ನೇ ಹಾಕಿಕೊಂಡಿದ್ದರೆ ಕೆಲಸ ಸಲೀಸು. ಗಂಡ ರಾಬರ್ಟ್ ರೆಡ್ಮನ್ ತೀರಿಕೊಂಡ ಮೇಲೆ 1540ರ ಸುಮಾರಿಗೆ ಲಂಡನ್ನಿನಲ್ಲಿ ಆಕೆ ಅಚ್ಚುಕೂಟ ನಡೆಸಿದಳು.

ಎಡವುವುದು ಇನಿಷಿಯಲ್ಲುಗಳಲ್ಲಿ. "ಇ. ಎ." ಎಂದರೆ ಎಡ್ವರ್ಡ್ ಆಲ್ಡ್ ಇರಬಹುದು, ಅವನ ನಂತರ ಅಚ್ಚುಕೂಟ ನಡೆಸಿದ ಹೆಂಡತಿ ಎಲಿಜಬೆತ್ ಆಲ್ಡ್ ಕೂಡ ಇರಬಹುದು. ಆದ್ದರಿಂದ ಮೊದಲು ಇಸವಿಯನ್ನು ಗಂಡ ಸತ್ತ ವರ್ಷದೊಂದಿಗೆ ತಾಳೆ ನೋಡಿ. ಆಮೇಲೆ ಸ್ಟೇಷನರ್ಸ್ ಕಂಪನಿಯ ದಾಖಲೆ ಪುಸ್ತಕ. 1557ರಲ್ಲಿ ರಾಜಸನ್ನದು ಪಡೆದ, ಮುದ್ರಕರ ಮತ್ತು ಪುಸ್ತಕ ವ್ಯಾಪಾರಿಗಳ ಈ ವೃತ್ತಿಸಂಘದಲ್ಲಿ ಸದಸ್ಯನ ವಿಧವೆ ವ್ಯಾಪಾರ ಮುಂದುವರಿಸಬಹುದಿತ್ತು. ಸಂಘದವನನ್ನೇ ಮರುಮದುವೆಯಾದರೆ ವ್ಯಾಪಾರ ಅವನ ಹೆಸರಿಗೆ ಹೋಗುತ್ತಿತ್ತು. ಪ್ರೆಸ್ಸು ಅದೇ, ಅಕ್ಷರದ ಮೊಳೆಗಳೂ ಅವೇ, ಆಕೆಯ ಹೆಸರು ಮಾತ್ರ ಮಾಯ! ವೊಟ್ರೋಲಿಯೆ ಎಂಬ ಮುದ್ರಕನ ವಿಧವೆ ಜಾಕ್ವೆಲಿನ್ ರಿಚರ್ಡ್ ಫೀಲ್ಡ್‌ನನ್ನು ಮದುವೆಯಾದಾಗ ಆಗಿದ್ದು ಇದೇ.

ಎಲ್ಲರೂ ವಿಧವೆಯರೇ ಎಂದುಕೊಳ್ಳಬೇಡಿ. ಕ್ವೇಕರ್ ಪಂಥದ ಮುದ್ರಕಿ ಟೇಸ್ ಸೋಲ್ 1691ರಲ್ಲಿ ಅಪ್ಪನ ಅಚ್ಚುಕೂಟ ವಹಿಸಿಕೊಂಡು, 1695ರಲ್ಲಿ ಅಪ್ಪನ ಮೂಲಕ ಬಂದ ಹಕ್ಕಿನಿಂದಲೇ ಕಂಪನಿಯ ಸದಸ್ಯೆಯಾದಳು. 1706ರಲ್ಲಿ ಮದುವೆಯಾದ ಮೇಲೆ ಪುಸ್ತಕಗಳಲ್ಲಿ ಕಾಣುವುದು "ಜೆ. ಸೋಲ್", ಅಂದರೆ ತಾಯಿ ಜೇನ್ ಹೆಸರು. ಕೆಲಸ ನಡೆಸುತ್ತಿದ್ದವಳು ಮಾತ್ರ ಟೇಸ್.