ತೋಟ ಬಿಟ್ಟು ಹೋಗದ ನಾಯಿಗೆ, ಮನೆಯೊಳಗೇ ಇರುವ ಬೆಕ್ಕಿಗೆ ಇಂಜೆಕ್ಷನ್ ಬೇಕಾ?

ಖಂಡಿತ ಬೇಕು. ವಿರಾಜಪೇಟೆ ಕಡೆ ತೋಟದಲ್ಲಿದ್ದೇವೆ, ನಾಯಿಮರಿಗೆ ಎರಡು ತಿಂಗಳು, ಗೇಟು ದಾಟುವುದಿಲ್ಲ, ಬೆಕ್ಕಂತೂ ಅಡುಗೆಮನೆ ಬಿಟ್ಟು ಹೋಗಲ್ಲ ಅಂತ ಬರೆದಿದ್ದೀರಿ. ನಾವಿರುವುದೂ ಸೋಮವಾರಪೇಟೆ ಕಡೆ ತೋಟದ ಮನೆಯಲ್ಲೇ. ನಿಮ್ಮ ನಾಯಿ ಗೇಟು ದಾಟದಿದ್ದರೂ ನರಿ, ಮುಂಗುಸಿ ಬೇಲಿ ನುಸುಳಿ ಬರುತ್ತವೆ ಅಲ್ವಾ? ಅವಕ್ಕೂ ರೇಬಿಸ್ ಬರುತ್ತದೆ. ರಾತ್ರಿ ಅಂಗಳಕ್ಕೆ ಅಂಥದ್ದೊಂದು ಬಂದರೆ ಮೊದಲು ಎದುರು ಹೋಗುವುದು ನಿಮ್ಮ ನಾಯಿಯೇ. ಕಾಯಿಲೆ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಆದರೆ ಎರಡು ತಿಂಗಳ ಮರಿಗೆ ಈಗ ಹೆಚ್ಚು ಹೆದರಬೇಕಾದದ್ದು ಪಾರ್ವೊಗೆ, ಅಂದರೆ ಮರಿಗಳ ಕರುಳಿಗೆ ಬರುವ ವೈರಸ್ ಕಾಯಿಲೆಗೆ. ವಾಂತಿ, ರಕ್ತಭೇದಿ ಶುರುವಾದರೆ ಎರಡು ಮೂರು ದಿನದಲ್ಲೇ ಮರಿ ಹೋಗಿಬಿಡಬಹುದು. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲು ನಿಮ್ಮ ಅಂಗಳದಲ್ಲಿ ಯಾವುದಾದರೂ ಮರಿ ಹೀಗೆ ಸತ್ತಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಫಿನಾಯಿಲ್‌ನಿಂದ ಇದು ಸಾಯುವುದಿಲ್ಲ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು.

ಇಲ್ಲೊಂದು ವಿಷಯ ಗಮನಿಸಿ. ಬಹಳ ಜನ ಪಾರ್ವೊ ಲಸಿಕೆ ಒಂದು ಡೋಸ್ ಹಾಕಿಸಿ, ಆಯ್ತು ಅಂದುಕೊಂಡು ಸುಮ್ಮನಾಗುತ್ತಾರೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಕೆಲವು ವಾರ ಇರುತ್ತದೆ. ಅದು ಇರುವ ತನಕ ಲಸಿಕೆ ಕೆಲಸ ಮಾಡಲು ಬಿಡುವುದಿಲ್ಲ. ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವ ತನಕ ಹಾಕಿಸುವುದು. ಆ ಕೊನೆಯ ಡೋಸನ್ನೇ ಜನ ಜಾಸ್ತಿ ಬಿಡುವುದು, ನಿಜವಾಗಿ ಕಾಪಾಡುವುದೂ ಅದೇ. ಅಲ್ಲಿಯ ತನಕ ಮರಿಯನ್ನು ಬೇರೆ ನಾಯಿಗಳ ಜೊತೆ ಬಿಡಬೇಡಿ. ರೇಬಿಸ್ ಇಂಜೆಕ್ಷನ್ ಮೂರು ತಿಂಗಳು ತುಂಬಿದ ಮೇಲೆ, ಆಮೇಲೆ ಡಾಕ್ಟರ್ ಹೇಳಿದಂತೆ ಬೂಸ್ಟರ್, ಮುಂದೆ ವರ್ಷ ವರ್ಷ.

ನಮ್ಮ ಮಳೆಗಾಲಕ್ಕೆ ಇಲಿ ಜ್ವರದ ಲಸಿಕೆಯೂ ಸೇರಿರಲಿ. ಇಲಿ ಮೂತ್ರ ಬೆರೆತ ಗದ್ದೆ ನೀರು, ಗುಂಡಿ ನೀರು ಕುಡಿದು ನಾಯಿಗೆ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ಇದರ ಶಕ್ತಿ ಹೆಚ್ಚು ದಿನ ಉಳಿಯಲ್ಲ, ಹಾಗಾಗಿ ವರ್ಷಕ್ಕೊಮ್ಮೆ, ಜೂನ್‌ಗೆ ಮೊದಲೇ ಹಾಕಿಸಿದರೆ ಒಳ್ಳೆಯದು.

ಬೆಕ್ಕಿಗೆ ತ್ರೀ ಇನ್ ಒನ್ (ಮೂರು ಕಾಯಿಲೆಗೆ ಒಂದೇ ಇಂಜೆಕ್ಷನ್) ಮತ್ತು ರೇಬಿಸ್ ಸಾಕು. ಅದು ಹೊರಗೆ ಹೋಗದಿದ್ದರೂ, ಆ ಮೂರರಲ್ಲೊಂದಾದ, ಬೆಕ್ಕಿಗೆ ಪಾರ್ವೊ ಥರವೇ ಬರುವ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ನಿಮ್ಮ ಚಪ್ಪಲಿಯಲ್ಲೇ ಒಳಗೆ ಬರಬಹುದು.

ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲೇ ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೇ ಗೊತ್ತು. ಪಶು ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಪಾರ್ವೊ ಲಸಿಕೆ ಪುಟ್ಟ ಬಾಟಲಿಯ ತಳದಲ್ಲಿ ಬಿಳಿ ಬಿಲ್ಲೆಯ ಹಾಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಬಾಟಲಿಯ ದ್ರವವನ್ನು ಅದರೊಳಗೆ ಬಿಟ್ಟು, ಕರಗಿಸಿ, ಆಗಲೇ ಚುಚ್ಚಬೇಕು. ಬಾಟಲಿಯ ಸ್ಟಿಕ್ಕರ್ ಕಿತ್ತು ಮರಿಯ ಲಸಿಕೆ ಪುಸ್ತಕಕ್ಕೆ ಅಂಟಿಸಿಕೊಡುತ್ತಾರೆ, ಅದರಲ್ಲಿ ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಖು ಇರುತ್ತದೆ, ನೋಡಿಕೊಳ್ಳಿ. ಅರ್ಧ ಗಂಟೆ ಅಲ್ಲೇ ಕೂತಿರಿ. ಮುಖ ಊದಿಕೊಂಡರೆ, ವಾಂತಿಯಾದರೆ ತಕ್ಷಣ ತೋರಿಸಬೇಕು. ಒಂದು ದಿನ ಮಂಕಾಗಿದ್ದರೆ ಗಾಬರಿ ಬೇಡ.

ಲಸಿಕೆ ಹಾಕಿಸಿದ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ.

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು. ಲೈನ್ ಮನೆಯ ತೋಟದ ಕೆಲಸದವರ ನಾಯಿಗಳನ್ನು ಆಗ ಒಟ್ಟಿಗೆ ಜೀಪಿನಲ್ಲಿ ಕರೆದುಕೊಂಡು ಹೋಗಬಹುದು. ನಿಮ್ಮ ಮರಿಗೆ ಮಾತ್ರ ಅಷ್ಟು ದಿನ ಕಾಯಬೇಡಿ, ಈ ವಾರವೇ ಹೋಗಿ.