ಹಡಗಿನ ತಳದಡಿ ಗಾಳಿ ತುಂಬಿದರೆ ನೀರಿನ ಎಳೆತ ನಿಜವಾಗಿಯೂ ಕಡಿಮೆ ಆಗುತ್ತದೆಯೇ?

ಆಗುತ್ತದೆ, ಆದರೆ ಎಲ್ಲ ಹಡಗಿಗೂ ಅಲ್ಲ.

ಟ್ಯಾಂಕರ್‌ನಂಥ ನಿಧಾನದ ದೊಡ್ಡ ಹಡಗಿನಲ್ಲಿ ಎಂಜಿನ್ ಶಕ್ತಿ ಜಾಸ್ತಿ ಖರ್ಚಾಗುವುದು ಅಲೆ ಎಬ್ಬಿಸುವುದಕ್ಕಲ್ಲ, ಮೈಗೆ ನೀರು ಉಜ್ಜುವ ಘರ್ಷಣೆಗೆ. ಗಾಳಿಯ ಸಾಂದ್ರತೆ ನೀರಿನ ಸುಮಾರು 800ರಲ್ಲಿ ಒಂದು ಪಾಲು ಮಾತ್ರ. ತಳಕ್ಕೆ ನೀರಿನ ಬದಲು ಗಾಳಿ ತಾಗಿದರೆ ಅಷ್ಟು ಜಾಗದಲ್ಲಿ ಘರ್ಷಣೆ ಹೆಚ್ಚುಕಡಿಮೆ ಮಾಯ.

ಸುಮ್ನೆ ಗುಳ್ಳೆ ಬಿಡುವುದು ಒಂದು ದಾರಿ. ಗಾಳಿಗುಳಿ ಬೇರೆಯೇ. ಚಪ್ಪಟೆ ತಳದಲ್ಲಿ ಮಗುಚಿಟ್ಟ ತಟ್ಟೆಯಂಥ ತಗ್ಗು ಮಾಡುತ್ತಾರೆ: ಮುಂದೆ ಮೆಟ್ಟಿಲು, ಪಕ್ಕಗಳಲ್ಲಿ ಅಂಚು, ಹಿಂದೆ ಇಳಿಜಾರು. ಅದರೊಳಗೆ ಪಂಪಿನಿಂದ ಗಾಳಿ ತುಂಬುತ್ತಾರೆ.

ಸ್ವಾರಸ್ಯ ಇರುವುದು ಗುಳಿಯ ಉದ್ದದಲ್ಲಿ. ಗಾಳಿಯ ಕೆಳಗಿನ ನೀರೂ ಅಲೆಯಂತೆ ಬಾಗುತ್ತದೆ, ಅಲ್ವಾ? ಅರ್ಧ ಅಲೆಯಷ್ಟು ದೂರದಲ್ಲಿ ಅದು ಮತ್ತೆ ತಳವನ್ನು ಮುಟ್ಟುತ್ತದೆ. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಆ ದೂರ ಸುಮಾರು 16 ಮೀಟರ್. ಹಾಗಾಗಿ ಉದ್ದದ ಹಡಗಿಗೆ ಸಾಲಾಗಿ ಹಲವು ಗುಳಿ ಬೇಕು. ವೇಗ ಬದಲಾದರೆ ಈ ಲೆಕ್ಕ ತಪ್ಪಿ, ಗಾಳಿ ಹಿಂದಿನಿಂದ ಭಸಭಸ ಸೋರುತ್ತದೆ. ಹಡಗು ಹೊಯ್ದಾಡಿದರೆ ಪಕ್ಕದಿಂದಲೂ ಅಷ್ಟೇ. ನನ್ನ ಮಟ್ಟಿಗೆ ಇದೇ ದೊಡ್ಡ ತಲೆನೋವು.

ಪಂಪಿನ ಖರ್ಚನ್ನೂ ಕಳೆಯಬೇಕು. 10 ಮೀಟರ್ ಆಳದಲ್ಲಿ ಗಾಳಿ ನೂಕಲು ಹೊರಗಿನ ವಾತಾವರಣಕ್ಕಿಂತ ಒಂದು ಪಟ್ಟು ಹೆಚ್ಚು ಒತ್ತಡ ಬೇಕು. ಆಳ ಕಡಿಮೆ, ತಳ ಅಗಲ ಇರುವ ನದಿ ದೋಣಿಗಳಿಗೆ ಲಾಭ ಸುಲಭ. ಚೂಪು ತಳದ ವೇಗದ ಹಡಗಿಗೆ ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ.